ಸೊಗಡು ಹುಡುಕಿಕೊಂಡು ಗುಬ್ಬಿ ಸಂತೆಗೆ

ನಮ್ಮ ಅತ್ತೆಯವರಿಗೆ ಎಂಬತ್ತೆರಡು ವಯಸ್ಸು. ಕಳೆದ ಪುಷ್ಯಮಾಸದಲ್ಲಿ ಜ್ವರ ಬಿಟ್ಟರೂ ಬಾಯಿಗೆ ರುಚಿ ಬಂದಿರಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದರು. ಒಂದು ದಿನ ತಾವಾಗಿಯೇ "ಹಿತಕವರೆ ಸಾರು ಮಾಡೇ" ಅಂದರು. ನನಗೆ ಹಿಗ್ಗೋ ಹಿಗ್ಗು! ತುಮಕೂರಿನ ಒಂದು ಅಂಗಡಿಯಿಂದ ಹಿತುಕಿ ಪೊಟ್ಟಣ ಕಟ್ಟಿದ್ದ ಬೇಳೆ ತಂದು ಮಾಡಿದೆ. ಮೂಸಿ ನೋಡಿ, "ಸೊಗಡೇ ಇಲ್ಲವಲ್ಲೇ" ಅಂತ ಮಜ್ಜಿಗೆ ಅನ್ನ ಕೇಳಿದರು.

ಸಂತೆಯ ದಿನ ಬಸ್ ಹತ್ತಿ ಗುಬ್ಬಿಗೆ ಹೋದೆ.

ಈಗ ಅವರೆಗೆ ಕಾಲವೇ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರ ಹೆಬ್ಬಾಳ ಅವರೆ 3 ಮತ್ತು 4 ತಳಿಗಳು ಯಾವ ತಿಂಗಳಲ್ಲಾದರೂ ಕಾಯಿ ಬಿಡುತ್ತವೆ. ಅನುಕೂಲವೇನೋ ಹೌದು. ಆದರೆ ಹಗಲು ಕುಗ್ಗಿದ ಮೇಲೆ ಮಾತ್ರ ಹೂ ಬಿಡುವ ನಾಟಿ ಅವರೆಯ ಸೊಗಡೇ ಬೇರೆ ಅಂತ ನನ್ನ ಮೂಗು ಹೇಳುತ್ತೆ. ಕುಣಿಗಲ್ ಕಡೆಯ ನಮ್ಮ ತವರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಇದನ್ನೇ ಹಾಕುತ್ತಿದ್ದರು. ಮಂಜು ಬಿದ್ದಷ್ಟೂ ಸೊಗಡು ಅನ್ನೋರು ನಮ್ಮಪ್ಪ.

ಕೊಳ್ಳುವಾಗ ಕಾಯನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಜಿಡ್ಡು ಅಂಟಿ ಘಮ್ಮೆನ್ನಬೇಕು. ಒದ್ದೆಯಾಗಿ ಜಾರುವ ಕಾಯಿ ಬೇಡ, ನೀರಿಗೂ ದುಡ್ಡು ಕೊಟ್ಟಂತಾಗುತ್ತೆ. ತೂತು ಕಂಡರೆ ಒಳಗೆ ಹುಳ. ಸಿಪ್ಪೆಯೇ ಅರ್ಧಕ್ಕೂ ಹೆಚ್ಚು ಹೋಗೋದರಿಂದ ಸಾರಿಗೆ ಎರಡು ಕೇಜಿಯಾದರೂ ಬೇಕು.

ಒಬ್ಬ ಅಜ್ಜಿಯ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಿದೆ. "ಮಂಜ್ನಾಗೆ ಕಿತ್ಕಂಡ್ ಬಂದಿವ್ನಿ ಕಣವ್ವ" ಅಂತ ಕೈ ಚಾಚಿದಳು. ಬೆರಳೆಲ್ಲ ಸೊಗಡಿಗೆ ಕಪ್ಪಾಗಿ ಬಿರಿದಿತ್ತು. ಪೊಟ್ಟಣಕ್ಕೆ ಕೇಳಿದಷ್ಟು ಕೊಟ್ಟು ಬಂದ ನಾನು ಇಲ್ಲಿ ಹತ್ತಕ್ಕೆ ನಿಂತಿದ್ದೀನಲ್ಲಾ ಅಂತ ನಾಚಿಕೆಯಾಯಿತು. ಪೂರಾ ಕೊಟ್ಟೆ. ಅವಳು ಒಂದು ಬೊಗಸೆ ಕೊಸರು ಹಾಕಿದಳು.

ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಹಿತುಕಲು ಕೂತೆ. ಅತ್ತೆಯವರೂ ಗೋಡೆಗೊರಗಿ ಕೂತು ಒಂದು ಬಟ್ಟಲು ಹಿತುಕಿಕೊಟ್ಟರು. ಕಾಯಿ, ಧನಿಯ, ಚಕ್ಕೆ, ಲವಂಗ, ಬೆಳ್ಳುಳ್ಳಿ, ಒಂದಿಷ್ಟು ಕೊತ್ತಂಬರಿ ಸೊಪ್ಪು ರುಬ್ಬಿ ಹಾಕಿದೆ, ಅಷ್ಟೆ. ಮಸಾಲೆ ಜಾಸ್ತಿಯಾದರೆ ಸೊಗಡು ಮುಚ್ಚಿಹೋಗುತ್ತೆ.

ಅರ್ಧ ಮುದ್ದೆ ಉಂಡರು. "ಮುಂದಿನ ಸಂತೆಗೆ ನನ್ನೂ ಕರ್ಕೊಂಡು ಹೋಗೇ, ನಿನಗೆ ಚೌಕಾಸಿ ಬರಲ್ಲ" ಅಂದರು.