ಮೂಗು ಕಾಯುತ್ತೆ

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು ಬರೀ 21. ಚೆಂದಕ್ಕೆ ಮಾಡಿಸಿಕೊಂಡರೂ ಆಪರೇಷನ್ ಆಪರೇಷನ್ನೇ ಅಂತ ನಾನು ಪದೇ ಪದೇ ಹೇಳೋದು ಅದಕ್ಕೇ.

ಟೆಸ್ಟ್‌ಗಳೆಲ್ಲ ಬಿಲ್ ಏರಿಸೋಕೆ ಅಂದುಕೊಳ್ಳಬೇಡಿ. ಒಂದೊಂದೂ ಒಂದು ಪ್ರಶ್ನೆ ಕೇಳುತ್ತೆ. ಹಿಮೋಗ್ಲೋಬಿನ್: ರಕ್ತ ಹೋದರೆ ದೇಹ ತಡೆದೀತಾ? ಪಿಟಿ-ಐಎನ್‌ಆರ್: ರಕ್ತ ಸಕಾಲಕ್ಕೆ ಹೆಪ್ಪುಗಟ್ಟುತ್ತಾ? ಎಚ್‌ಬಿಎ1ಸಿ: ಸಕ್ಕರೆ ಹತೋಟಿಯಲ್ಲಿದ್ದು ಗಾಯ ಬೇಗ ಮಾಯುತ್ತಾ? ಇಸಿಜಿ: ಹೃದಯ ಅರಿವಳಿಕೆ ತಾಳೀತಾ? ಯಾರಿಗೆ ಯಾವುದು ಬೇಕು ಅನ್ನೋದನ್ನ ವಯಸ್ಸು, ಕಾಯಿಲೆ, ಆಪರೇಷನ್ ನೋಡಿ ವೈದ್ಯರೇ ನಿರ್ಧರಿಸುತ್ತಾರೆ. ನುಂಗುವ ಮಾತ್ರೆ, ಸೇದುವ ಸಿಗರೇಟು, ಯಾವುದನ್ನೂ ಅವರಿಂದ ಮುಚ್ಚಿಡಬೇಡಿ.

ರಿಪೋರ್ಟ್ ಸರಿ ಬರದಿದ್ದರೆ ಮುಂದೂಡಿ. ಮದುವೆ ಹತ್ತಿರ ಬಂತು ಅಂತ ಆತುರ ಬೇಡ. ಊದಿದ ಅಪೆಂಡಿಕ್ಸ್ ಕಾಯಲ್ಲ, ಮೂಗು ಕಾಯುತ್ತೆ.