ಎದ್ದು ಹಲ್ಲುಜ್ಜುವುದೇ ದೊಡ್ಡ ಕೆಲಸವಾದ ದಿನ

ಖಿನ್ನತೆ ಇರುವವರಿಗೆ ದಿನದ ಯಾವ ಹೊತ್ತು ತೀರಾ ಕಷ್ಟ ಎಂದು ಕೇಳಿದರೆ, ಅದರ ಪರಿಚಯ ಇಲ್ಲದವರು ರಾತ್ರಿ ಎನ್ನುತ್ತಾರೆ. ಅನುಭವಿಸಿದವರು ಬಹಳಷ್ಟು ಮಂದಿ ಬೆಳಗ್ಗೆ ಎನ್ನುತ್ತಾರೆ. ಮೂರೋ ನಾಲ್ಕೋ ಗಂಟೆಗೆ ಎಚ್ಚರವಾಗಿಬಿಡುತ್ತದೆ. ಆಮೇಲೆ ನಿದ್ದೆ ಇಲ್ಲ, ಏಳುವ ಶಕ್ತಿಯೂ ಇಲ್ಲ. ಹಾಲಿನವನು ಬಂದುಹೋದದ್ದು, ಪಕ್ಕದ ಮನೆಯ ಕುಕ್ಕರ್ ಕೂಗಿದ್ದು, ಮಕ್ಕಳ ಸ್ಕೂಲ್ ವ್ಯಾನ್ ಹಾರ್ನ್ ಹೊಡೆದದ್ದು ಎಲ್ಲವೂ ಕೇಳಿಸುತ್ತಿರುತ್ತದೆ. ಎದ್ದು ಬ್ರಷ್‌ಗೆ ಪೇಸ್ಟ್ ಹಾಕಿಕೊಳ್ಳಬೇಕು, ಅಷ್ಟೇ. ಅದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಸಂಜೆಯ ಹೊತ್ತಿಗೆ ಇದೇ ಮನುಷ್ಯ ಕೊಂಚ ಹಗುರಾಗಿ ಎಲ್ಲರ ಜತೆ ಕೂತು ಮ್ಯಾಚ್ ನೋಡಿಯಾನು. ಮನೋವೈದ್ಯರಿಗೆ ಇದು ಹಳೆಯ, ಪಠ್ಯಪುಸ್ತಕದ ಲಕ್ಷಣ. ಮನೆಯವರಿಗೆ ಮಾತ್ರ ಇದು ನಾಟಕದಂತೆ ಕಾಣುತ್ತದೆ. ‘ಸಂಜೆ ಚೆನ್ನಾಗೇ ಇರ್ತಾನೆ, ಬೆಳಗ್ಗೆ ಕೆಲಸ ಅಂದ ತಕ್ಷಣ ಇವನಿಗೆ ಕಾಯಿಲೆ’ ಎಂಬ ಮಾತು ಹುಟ್ಟುವುದು ಹೀಗೆ.

ಖಿನ್ನತೆ, ಆತಂಕದ ಬಗ್ಗೆ ನಮ್ಮಲ್ಲಿ ಬರಹಕ್ಕೆ ಬರವಿಲ್ಲ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳಿಗೂ ತಲುಪಿವೆ. ಲಕ್ಷಣ ಯಾವುವು, ಯಾರನ್ನು ಕಾಣಬೇಕು ಎಂಬುದು ಓದುವವರಿಗೆ ಗೊತ್ತಿದೆ. ಅಷ್ಟಾಗಿ ಯಾರೂ ಹೇಳದೆ ಬಿಟ್ಟಿರುವುದು ಉಳಿದ ಭಾಗವನ್ನು. ವೈದ್ಯರ ಎದುರು ಕೂರುವುದು ತಿಂಗಳಿಗೊಮ್ಮೆ, ಕಾಲು ಗಂಟೆ. ಮಿಕ್ಕ ಹೊತ್ತೆಲ್ಲ ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನ ಕುರ್ಚಿಯಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕಳೆಯಬೇಕು. ಅಲ್ಲಿ ಏನು ಮಾಡುವುದು?

ಮೊದಲು, ಆ ಕಾಲು ಗಂಟೆಯ ತನಕ ಜನ ತಲುಪುವ ದಾರಿಯ ಬಗ್ಗೆ ಎರಡು ಮಾತು. ರಾಜ್ಯದಲ್ಲಿ 2014ರಿಂದ ‘ಮನೋಚೈತನ್ಯ’ ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಎಂಬುದು ಅದರ ಯೋಜನೆ. ಅಂಥ ಕಡೆ ಸಾಲಿನಲ್ಲಿ ನಿಂತವರನ್ನು ಮಾತಾಡಿಸಿ ನೋಡಿ, ಮನಸ್ಸು ಸರಿಯಿಲ್ಲ ಎಂದು ಶುರುಮಾಡುವವರು ಅಪರೂಪ. ಎದೆ ಡವಡವ, ತಲೆ ಭಾರ, ಕೈಕಾಲು ಜೋಮು, ಹೊಟ್ಟೆಯಲ್ಲಿ ಸಂಕಟ, ಸುಸ್ತು. ಅದಕ್ಕೂ ಮೊದಲು ಹೊಟ್ಟೆಗೆ ಎಂಡೋಸ್ಕೋಪಿ, ಎದೆಗೆ ಇಸಿಜಿ, ತಲೆಗೆ ಸ್ಕ್ಯಾನ್ ಮುಗಿದು, ‘ಎಲ್ಲ ನಾರ್ಮಲ್’ ಎಂಬ ರಿಪೋರ್ಟುಗಳ ಪ್ಲಾಸ್ಟಿಕ್ ಕವರ್ ಕೈಯಲ್ಲಿರುತ್ತದೆ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ಬೆಂಗಳೂರಿನ ಖಿನ್ನತೆಯ ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಒಳಗುಟ್ಟನ್ನು ತೋರಿಸಿತು. ಮನಸ್ಸಿನ ದುಃಖವನ್ನು ಹೆಚ್ಚು ಹೇಳಿಕೊಂಡವರಲ್ಲಿ ‘ಜನ ಏನಂದಾರು’ ಎಂಬ ಅಳುಕು ಹೆಚ್ಚಿತ್ತು. ಮೈಯ ನೋವನ್ನು ಹೆಚ್ಚು ಹೇಳಿಕೊಂಡವರಲ್ಲಿ ಅದು ಕಡಿಮೆ ಇತ್ತು. ಸೊಂಟನೋವನ್ನು ನೆಂಟರ ಮುಂದೆ ಹೇಳಬಹುದು. ಬದುಕೇ ಸಾಕೆನಿಸಿದೆ ಎಂದರೆ ತಂಗಿಯ ಮದುವೆಗೂ ಕುತ್ತು. ನಮ್ಮ ಜನ ಸುಮ್ಮನೆ ಸೊಂಟ ತೋರಿಸುವುದಿಲ್ಲ, ಲೆಕ್ಕ ಹಾಕಿಯೇ ತೋರಿಸುತ್ತಾರೆ. ನೋವೇನೂ ಸುಳ್ಳಲ್ಲ, ಖಿನ್ನತೆಯಲ್ಲಿ ಮೈ ನಿಜವಾಗಿಯೂ ನೋಯುತ್ತದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮನೋರೋಗಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವೈದ್ಯರ ಕೊರತೆ ಒಂದು ಕಾರಣ, ಈ ಲೆಕ್ಕಾಚಾರ ಇನ್ನೊಂದು.

ಈಗ ಬೆಳಗ್ಗೆಗೆ ಬರೋಣ. ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯುವುದು ಎಲ್ಲರ ಸ್ವಭಾವ. ಖಿನ್ನತೆಯಲ್ಲಿ ಆ ಮನಸ್ಸು ಬರುವುದೇ ಇಲ್ಲ. ಕೆಲಸ ಬಿಟ್ಟಷ್ಟೂ ದಿನದಲ್ಲಿ ಹಿತವೆನಿಸುವ ಗಳಿಗೆ ಕಡಿಮೆಯಾಗುತ್ತದೆ, ಅದು ಕಡಿಮೆಯಾದಷ್ಟೂ ಹಾಸಿಗೆ ಬಿಡುವುದು ಕಷ್ಟವಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಈ ಸುತ್ತನ್ನು ತಿರುಗಿಸುವ ಚಿಕಿತ್ಸೆಯೊಂದನ್ನು ಬೆಳೆಸಿದರು: ಮನಸ್ಸಿರಲಿ ಬಿಡಲಿ, ಮೊದಲು ಕೆಲಸ, ಹುರುಪು ಬಂದರೆ ಆಮೇಲೆ ಬರಲಿ. ಮುಂದೆ 1996ರಲ್ಲಿ ನೀಲ್ ಜೇಕಬ್‌ಸನ್ ತಂಡ, ಯೋಚನೆಗಳನ್ನು ತಿದ್ದುವ ಪೂರ್ಣ ಚಿಕಿತ್ಸೆಯನ್ನೂ ಬರೀ ಚಟುವಟಿಕೆ ಹೆಚ್ಚಿಸುವ ಅದರ ಒಂದು ಭಾಗವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಆ ಒಂದು ಭಾಗವೇ ಪೂರ್ಣ ಚಿಕಿತ್ಸೆಯಷ್ಟು ಕೆಲಸ ಮಾಡಿತು.

ಕೇಳಲು ಸಸಾರ. ಮಾಡುವಾಗ ಎಲ್ಲರೂ ಎಡವುವುದು ಕೆಲಸದ ಅಳತೆಯಲ್ಲಿ. ‘ನಾಳೆಯಿಂದ ಐದಕ್ಕೆ ಎದ್ದು ವಾಕಿಂಗ್, ಸೂರ್ಯನಮಸ್ಕಾರ’ ಎಂದು ಡೈರಿಯಲ್ಲಿ ಬರೆದವರು ನಾಳೆ ಏಳದೇ ಹೋದಾಗ ಇನ್ನಷ್ಟು ಕುಸಿಯುತ್ತಾರೆ. ಕೆಲಸವನ್ನು ನಗು ಬರುವಷ್ಟು ಚಿಕ್ಕದು ಮಾಡಬೇಕು. ಸ್ನಾನ ಆಗದಿದ್ದರೆ ಮುಖ ತೊಳೆ. ಅದೂ ಆಗದಿದ್ದರೆ ಕಿಟಕಿಯ ಪರದೆ ಸರಿಸು. ನನಗೆ ಗೊತ್ತಿರುವ ಗೃಹಿಣಿಯೊಬ್ಬರು ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ಒಂದು ಎಳೆ ರಂಗೋಲಿ ಬಿಡುವುದನ್ನು ಮಾತ್ರ ಬಿಡಲಿಲ್ಲ. ‘ದೇವರಿಗಾಗಿ ಅಲ್ಲ, ನೀರು ಹಾಕದಿದ್ದರೆ ಎದುರು ಮನೆಯವರು ವಿಚಾರಿಸೋಕೆ ಬರ್ತಾರೆ, ಅವರಿಗೆ ಉತ್ತರ ಕೊಡೋ ಶಕ್ತಿ ಇರಲಿಲ್ಲ’ ಎಂದರು. ಕಾರಣ ಏನೇ ಇರಲಿ, ಅವರು ದಿನವೂ ಹೊರಗೆ ಬಂದರು, ಬೆಳಕು ಕಂಡರು, ಬಗ್ಗಿ ಎದ್ದರು. ಕೆಲವರಿಗೆ ಗಿಡಕ್ಕೆ ನೀರು, ಕೆಲವರಿಗೆ ದನ. ಹಳ್ಳಿಯಲ್ಲಿ ದನ ಇರುವ ಮನೆಯವರು ಈ ವಿಷಯದಲ್ಲಿ ಒಂದು ಕೈ ಮೇಲೆ, ಏಕೆಂದರೆ ಎಮ್ಮೆಗೆ ರಜೆ ಗೊತ್ತಿಲ್ಲ.

ಆತಂಕದ ದಿನಚರಿ ಬೇರೆ. ಅಲ್ಲಿ ಏಳಲಾರದ ಕಷ್ಟಕ್ಕಿಂತ ಕೂರಲಾರದ ಕಷ್ಟ ಹೆಚ್ಚು. ಮಗಳು ಫೋನ್ ಎತ್ತದಿದ್ದರೆ ಅಪಘಾತ, ಮ್ಯಾನೇಜರ್ ‘ಒಂದ್ನಿಮಿಷ ಬನ್ನಿ’ ಎಂದರೆ ಕೆಲಸ ಹೋಯಿತು. ಹಲವರಲ್ಲಿ ಖಿನ್ನತೆ, ಆತಂಕ ಎರಡೂ ಒಂದೇ ಮನೆಯಲ್ಲಿ ಬಾಡಿಗೆಗೆ ಇರುತ್ತವೆ. ಹಠಾತ್ತನೆ ಬರುವ ಪ್ಯಾನಿಕ್ ಅಟ್ಯಾಕ್ ಅಂತೂ ಹೃದಯಾಘಾತವೇ ಎನ್ನಿಸುವಷ್ಟು ಜೋರು. ಮೊದಲ ಸಲ ಆಸ್ಪತ್ರೆಗೆ ಹೋಗಲೇಬೇಕು, ಎದೆನೋವನ್ನು ಮನೆಯಲ್ಲಿ ಕೂತು ತೀರ್ಮಾನಿಸಬಾರದು. ಹೃದಯ ಸರಿಯಿದೆ ಎಂದು ಖಚಿತವಾದ ಮೇಲೆ ತಿಳಿದಿರಬೇಕಾದ್ದು, ಆ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ ಎಂಬುದು. ‘ಎದೆ ಹೊಡೆದುಕೊಳ್ಳುತ್ತಿದೆ, ಅಂದರೆ ಸಾಯುತ್ತಿದ್ದೇನೆ’ ಎಂಬ ಅರ್ಥೈಸುವಿಕೆಯೇ ಎದೆಯನ್ನು ಇನ್ನಷ್ಟು ಹೊಡೆಸುತ್ತದೆ ಎಂದು ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದರು. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ, ಕೂತಲ್ಲೇ ಕೂರಬೇಕು. ಬಸ್ಸಿನಲ್ಲಿ ಬಂದರೆ ಮುಂದಿನ ಸ್ಟಾಪಿಗೇ ಇಳಿದುಬಿಡುವ ಆಸೆ ಆಗುತ್ತದೆ. ಇಳಿದರೆ ತಕ್ಷಣ ನೆಮ್ಮದಿ, ಆದರೆ ಮರುದಿನ ಬಸ್ಸು ಹತ್ತುವುದೇ ಭಯ. ಆಮೇಲೆ ಬಸ್ ಸ್ಟ್ಯಾಂಡ್, ಆಮೇಲೆ ಮಾರ್ಕೆಟ್ಟು, ಕೊನೆಗೆ ಗೇಟು. ಹೀಗೆ ಊರು ಕುಗ್ಗಿ ಮನೆಯಷ್ಟಾದವರಿದ್ದಾರೆ.

ಚಿಂತೆಗೆ ಒಂದು ಹೊತ್ತು ಗೊತ್ತುಮಾಡುವ ಉಪಾಯವನ್ನು ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ್ದರು. ದಿನವೂ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ. ಬೇರೆ ಸಮಯದಲ್ಲಿ ಚಿಂತೆ ಬಂದರೆ ಚೀಟಿಯಲ್ಲಿ ಬರೆದು ಆ ಅರ್ಧ ಗಂಟೆಗೆ ಮುಂದೂಡುವುದು. ಹಾಸ್ಯಾಸ್ಪದ ಎನ್ನಿಸಬಹುದು. ಆದರೆ ಚೀಟಿ ಬಿಚ್ಚುವ ಹೊತ್ತಿಗೆ ಅರ್ಧದಷ್ಟು ಚಿಂತೆಗಳು ಹಳಸಿರುತ್ತವೆ. ಮಲಗುವ ಕೋಣೆಯಲ್ಲಿ ಮಾತ್ರ ಇದನ್ನು ಇಟ್ಟುಕೊಳ್ಳಬಾರದು.

ಇನ್ನು ಕಾಫಿ. ಬರೆಯಲು ನನಗೇ ಸಂಕಟ, ಆದರೂ ಕೆಫೀನ್ ಆತಂಕ ಹೆಚ್ಚಿಸುತ್ತದೆ, ಎದೆಬಡಿತ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ. ಪೂರ್ತಿ ಬಿಡಿ ಎಂದು ಕನ್ನಡಿಗರಿಗೆ ಹೇಳುವ ಧೈರ್ಯ ನನಗಿಲ್ಲ. ಮಧ್ಯಾಹ್ನದ ಮೇಲೆ ಬೇಡ ಎನ್ನುವಷ್ಟಕ್ಕೆ ರಾಜಿ. ಗಂಡಸರ ಕ್ವಾರ್ಟರ್ ಬಾಟಲಿಗೆ ಮಾತ್ರ ರಾಜಿಯಿಲ್ಲ. ‘ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತೆ’ ಎನ್ನುವುದು ನಿಜ. ನಡುರಾತ್ರಿ ಎಚ್ಚರವಾಗಿ ಬೆಳಗ್ಗೆ ಇನ್ನೂ ಭಾರವಾಗುವುದೂ ಅಷ್ಟೇ ನಿಜ. ನಮ್ಮಲ್ಲಿ ಕುಡಿತದ ಹಿಂದೆ ಅಡಗಿ ಪತ್ತೆಯಾಗದೆ ಉಳಿದ ಖಿನ್ನತೆ ಎಷ್ಟೋ.

ಮಾತ್ರೆಯ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರಬೇಕು, ಏಕೆಂದರೆ ಹೆಚ್ಚು ಗೊಂದಲ ಇಲ್ಲೇ. ಒಂದೇ ಚೀಟಿಯಲ್ಲಿ ಎರಡು ಬಗೆಯ ಮಾತ್ರೆ ಇರುತ್ತವೆ, ಜನ ಎರಡನ್ನೂ ‘ನಿದ್ದೆ ಮಾತ್ರೆ’ ಎಂದೇ ಕರೆಯುತ್ತಾರೆ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್ ಮುಂತಾದವು ಖಿನ್ನತೆ, ಆತಂಕ ಎರಡಕ್ಕೂ ಕೊಡುವಂಥವು, ಚಟವಾಗುವುದಿಲ್ಲ. ಆದರೆ ಅವುಗಳ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಮೊದಲ ವಾರ ವಾಕರಿಕೆ, ಹೊಟ್ಟೆ ಕೆಡುವುದು, ಚಡಪಡಿಕೆ. ಹಗುರವಾಯಿತು ಎನ್ನಿಸಲು ಎರಡರಿಂದ ಆರು ವಾರ. ಈ ನಡುವೆಯೇ ಬಹಳ ಮಂದಿ ‘ನನಗೆ ಆಗಿಬರಲಿಲ್ಲ’ ಎಂದು ಬಿಟ್ಟುಬಿಡುವುದು. ವಯಸ್ಸು 25ರೊಳಗಿದ್ದರೆ ಮೊದಲ ವಾರಗಳಲ್ಲಿ ಮನೆಯವರ ಕಣ್ಣು ಇರಬೇಕು. ಲೈಂಗಿಕ ಆಸಕ್ತಿ ಕುಗ್ಗುವುದೂ ಉಂಟು. ನಾಚಿಕೆಯಿಂದ ಹೇಳದೆ ಗುಟ್ಟಾಗಿ ಮಾತ್ರೆ ಬಿಡುವುದಕ್ಕಿಂತ ಹೇಳಿದರೆ ವೈದ್ಯರು ಬದಲಿಸಬಲ್ಲರು.

ಇನ್ನೊಂದು ಬಗೆ ಕ್ಲೊನಾಜೆಪಾಮ್, ಆಲ್ಪ್ರಜೊಲಾಮ್. ಇವು ನುಂಗಿದ ಸ್ವಲ್ಪ ಹೊತ್ತಿಗೇ ಆತಂಕವನ್ನು ಹಿಡಿತಕ್ಕೆ ತರುತ್ತವೆ, ಅದಕ್ಕೇ ಜನಪ್ರಿಯ. ಮೊದಲ ಬಗೆಯ ಮಾತ್ರೆ ಕೆಲಸ ಶುರುಮಾಡುವ ತನಕ ಕೆಲವು ವಾರಕ್ಕೆಂದು ಬರೆದದ್ದು ವರ್ಷಗಟ್ಟಲೆ ಮುಂದುವರಿಯುತ್ತದೆ. ಹಳೆಯ ಚೀಟಿ ಹಿಡಿದು ಪರಿಚಯದ ಮೆಡಿಕಲ್ ಸ್ಟೋರಿಗೆ ಹೋದರೆ ಸಿಕ್ಕಿಬಿಡುವುದೂ ಉಂಟು. ಚಟ ಹಿಡಿಸುವುದು ಇವು. ವಿಪರ್ಯಾಸವೆಂದರೆ ನಮ್ಮ ಜನ ‘ಅಭ್ಯಾಸ ಆಗಿಬಿಡುತ್ತೆ’ ಎಂದು ಹೆದರಿ ಬಿಡುವುದು ಮೊದಲನೆಯದನ್ನು, ಕೈಬಿಡದೆ ಹಿಡಿದುಕೊಳ್ಳುವುದು ಎರಡನೆಯದನ್ನು. ಎರಡನ್ನೂ ತಟ್ಟನೆ ನಿಲ್ಲಿಸಬಾರದು. ಮೊದಲನೆಯದನ್ನು ದಿಢೀರ್ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು. ಎರಡನೆಯದನ್ನು ದಿಢೀರ್ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಚೆನ್ನಾದ ಮೇಲೂ ಮೊದಲ ಬಗೆಯ ಮಾತ್ರೆಯನ್ನು ಕನಿಷ್ಠ ಆರು ತಿಂಗಳು ಮುಂದುವರಿಸಿ, ಮೆಲ್ಲಗೆ ಇಳಿಸುವುದು ವೈದ್ಯರ ಕ್ರಮ. ಮಾತ್ರೆ ಶುರುಮಾಡುವ ಮೊದಲೇ ಥೈರಾಯ್ಡ್, ರಕ್ತಹೀನತೆ ನೋಡಿಸಬೇಕು, ಇವೂ ಖಿನ್ನತೆಯ ವೇಷ ಹಾಕುತ್ತವೆ. ಯೋಗ, ನಡಿಗೆ ಒಳ್ಳೆಯವೇ. ಮಾತ್ರೆ ಬಿಡಿಸಿ ಯೋಗಕ್ಕೆ ಕೂರಿಸುವ ಚಿಕ್ಕಪ್ಪಂದಿರ ಬಗ್ಗೆ ಮಾತ್ರ ನನ್ನ ತಕರಾರು.

ಚಿಕ್ಕಪ್ಪಂದಿರೆಂದರೆ ನೆನಪಾಯಿತು, ಮನೆಯವರು ಏನು ಮಾಡಬೇಕು? ‘ಮನಸ್ಸು ಗಟ್ಟಿ ಮಾಡ್ಕೊ’, ‘ನಿಂಗೇನು ಕಮ್ಮಿ ಆಗಿದೆ’, ‘ಒಂದು ಮದುವೆ ಮಾಡಿದ್ರೆ ಸರಿಹೋಗುತ್ತೆ’. ಈ ಮೂರು ಮಾತನ್ನು ನುಂಗಿಕೊಂಡರೆ ಅರ್ಧ ಸೇವೆ ಆದಂತೆ. ಮೂರನೆಯದು ಎರಡು ಬಾಳು ಹಾಳುಮಾಡಬಲ್ಲದು. ಇನ್ನರ್ಧ, ಜತೆಗೆ ಮಾಡುವ ಸಣ್ಣ ಕೆಲಸ. ‘ವಾಕಿಂಗ್ ಹೋಗು’ ಎನ್ನುವ ಬದಲು ಚಪ್ಪಲಿ ಹಾಕಿಕೊಂಡು ‘ಬಾ, ಮೂಲೆ ಅಂಗಡಿಗೆ ಹೋಗಿ ಕೊತ್ತಂಬರಿ ತರೋಣ’ ಎನ್ನುವುದು. ಅವರೆಕಾಯಿ ಸುಲಿಯಲು ಎದುರು ಕೂರಿಸಿಕೊಳ್ಳುವುದು. ಮಾತು ಬೇಕಿಲ್ಲ. ಮದುವೆ, ನಾಮಕರಣಗಳಿಗೆ ಎಳೆದೊಯ್ಯಲೇಬೇಕು ಎಂದೇನಿಲ್ಲ. ಹೋದರೂ ಧಾರೆ ಮುಗಿಸಿ ಅರ್ಧ ಗಂಟೆಯಲ್ಲಿ ಹೊರಡುತ್ತೇವೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಹೋಗುವ ಧೈರ್ಯ ಬರುತ್ತದೆ.

ಒಂದು ಪ್ರಶ್ನೆಯನ್ನು ಮಾತ್ರ ನೇರವಾಗಿ ಕೇಳಬೇಕು: ‘ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಹೆಚ್ಚಿನವರಿಗೆ ಹೇಳಿಕೊಳ್ಳುವ ದಾರಿ ಸಿಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ವೈದ್ಯರನ್ನು ಕಾಣಿ. ಮಾತ್ರೆಯ ಡಬ್ಬಿ ಬೇರೆಯವರ ಕೈಯಲ್ಲಿರಲಿ. ಹೊಲದ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಮಂಚದ ಕೆಳಗೋ ಅಡುಗೆಮನೆಯ ಅಟ್ಟದಲ್ಲೋ ಇರುತ್ತದೆ. ಅದನ್ನು ಬೀಗ ಹಾಕಿಡಿ, ಇಲ್ಲವೇ ಮನೆಯಿಂದಲೇ ಸಾಗಿಸಿ. ಆ ತೀವ್ರ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು, ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವವರಿಗೂ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಪ್ರಾಣ ತೆಗೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಅದೇ ಕಾಯ್ದೆ ಆರೋಗ್ಯ ವಿಮೆಯಲ್ಲಿ ಮನೋರೋಗಕ್ಕೂ ಬೇರೆ ಕಾಯಿಲೆಗಳಂತೆಯೇ ಜಾಗ ಇರಬೇಕು ಎನ್ನುತ್ತದೆ. ಆಫೀಸಿನ ರಜಾ ಅರ್ಜಿಯಲ್ಲಿ ಮಾತ್ರ ಇವತ್ತಿಗೂ ಎಲ್ಲರೂ ಬರೆಯುವುದು ‘ಜ್ವರ’ ಎಂದೇ.

ಗುಣವಾದ ಮೇಲೂ ಮತ್ತೆ ಬರುವ ಕಾಯಿಲೆ ಇದು, ಎಲ್ಲರಿಗೂ ಅಲ್ಲದಿದ್ದರೂ ಬಹಳ ಮಂದಿಗೆ. ಮತ್ತೆ ಬರುವಾಗ ಪ್ರತಿಯೊಬ್ಬರಲ್ಲೂ ಅದಕ್ಕೆ ಅವರದೇ ಗುರುತುಗಳಿರುತ್ತವೆ. ಚೆನ್ನಾಗಿರುವ ದಿನಗಳಲ್ಲಿ ಅವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನನ್ನ ಪರಿಚಯದ ದಂಪತಿ ಬೀರುವಿನ ಬಾಗಿಲ ಒಳಗಡೆ ಅಂಥದೊಂದು ಪಟ್ಟಿ ಅಂಟಿಸಿದ್ದಾರೆ: ನಾಲ್ಕಕ್ಕೆ ಎಚ್ಚರವಾಗುವುದು, ಅಕ್ಕನ ಫೋನ್ ಎತ್ತದಿರುವುದು, ಗಡ್ಡ ಬಿಡುವುದು, ಪೇಪರ್ ಮಡಿಕೆ ಬಿಚ್ಚದಿರುವುದು, ಎರಡು ದಿನ ಸ್ನಾನ ಇಲ್ಲ. ಇವುಗಳಲ್ಲಿ ಮೂರು ಕಂಡರೆ ಹೆಂಡತಿ ಕೇಳಬಹುದು, ಗಂಡ ಸಿಟ್ಟಾಗಬಾರದು, ಆ ವಾರವೇ ಡಾಕ್ಟರ ಹತ್ತಿರ ಹೋಗಬೇಕು ಎಂಬುದು ಒಪ್ಪಂದ. ಗಂಡ ಆಮೇಲೆ ಅದರ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: ‘ಸಿಟ್ಟಂತೂ ಬರುತ್ತೆ, ಆದರೂ ಕೇಳು.’