ಕೈಯಲ್ಲೊಂದು ಗಂಟು: ಮೊದಲು ಪರೀಕ್ಷೆ, ಆಮೇಲೆ ಕತ್ತರಿ

ಕೈಯಲ್ಲಿ ಸಣ್ಣದೊಂದು ಗಂಟು ಬಂದ್ರೆ ನಾವೇನ್ಮಾಡ್ತೀವಿ? ನೋವಿಲ್ವಲ್ಲ, ಬಿಡಿ ಅಂತೀವಿ. ದೊಡ್ಡದಾದ್ರೆ ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋಗಿ, ತೆಗೆದುಬಿಡಿ ಡಾಕ್ಟ್ರೇ ಅಂತೀವಿ. ಬಹುತೇಕ ಸಲ ಕಥೆ ಅಲ್ಲಿಗೇ ಮುಗಿಯುತ್ತೆ. ಯಾಕಂದ್ರೆ ಕೈಯ ಗಂಟುಗಳಲ್ಲಿ ಹೆಚ್ಚಿನವು ದ್ರವ ತುಂಬಿದ ಗ್ಯಾಂಗ್ಲಿಯಾನ್‌ನಂಥ ನಿರಪಾಯಕಾರಿ ಗಂಟುಗಳು.

ಆದರೆ ಅಪರೂಪಕ್ಕೊಮ್ಮೆ ಅದು ಸಾರ್ಕೋಮಾ ಆಗಿರುತ್ತೆ. ಸ್ನಾಯು, ಕೊಬ್ಬು, ನರಗಳಂಥ ಮೃದು ಅಂಗಾಂಶದಲ್ಲಿ ಹುಟ್ಟುವ ಕ್ಯಾನ್ಸರ್ ಇದು. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇ. 1. ಕೈಯಲ್ಲಿ ಬರೋದು ಇನ್ನೂ ಕಡಿಮೆ. ಇದರಲ್ಲೇ ಒಂದು ಬಗೆ ಎಪಿಥೀಲಿಯಾಯ್ಡ್ ಸಾರ್ಕೋಮಾ. 1970ರಲ್ಲಿ ಫ್ರಾಂಜ್ ಎಂಜಿಂಗರ್ ಎಂಬ ರೋಗಶಾಸ್ತ್ರಜ್ಞರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಹೆಚ್ಚಾಗಿ ಯುವಜನರ ಬೆರಳು, ಅಂಗೈ, ಮುಂಗೈಯಲ್ಲಿ ಕಾಣಿಸುತ್ತೆ. ನಿಧಾನವಾಗಿ ಬೆಳೆಯುತ್ತೆ, ಸಾಮಾನ್ಯವಾಗಿ ನೋಯಲ್ಲ. ಕೆಲವೊಮ್ಮೆ ವಾಸಿಯಾಗದ ಹುಣ್ಣಿನಂತಿರುತ್ತೆ. ಹೀಗಾಗಿ ನರಹುಲಿ ಅಂತಲೋ, ಹಳೇ ಗಾಯ ಅಂತಲೋ ಮುಲಾಮು ಹಚ್ಚುತ್ತಲೇ ತಿಂಗಳುಗಳು ಕಳೆದುಹೋಗುತ್ತವೆ.

ಹೇಗಿದ್ರೂ ತೆಗೆಯೋದೇ ತಾನೇ, ಮೊದಲೇ ತೆಗೆಸಿದ್ರೆ ತಪ್ಪೇನು? ಇಲ್ಲೇ ಇರೋದು ವಿಷಯ. ಸಾರ್ಕೋಮಾವನ್ನು ಸುತ್ತಲಿನ ಒಂದಿಷ್ಟು ಆರೋಗ್ಯವಂತ ಅಂಗಾಂಶದ ಸಮೇತ, ಗಡ್ಡೆ ಒಡೆಯದ ಹಾಗೆ ತೆಗೆಯಬೇಕು. ತೊಡೆಯಲ್ಲಾದ್ರೆ ಅದಕ್ಕೆ ಜಾಗ ಇದೆ. ಕೈಯಲ್ಲಿ? 27 ಮೂಳೆಗಳು, ಅವುಗಳ ನಡುವೆ ಸ್ನಾಯುರಜ್ಜು, ನರ, ರಕ್ತನಾಳ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಕ್ಲಿಯರೆನ್ಸೇ ಇಲ್ಲದ ಡಿಸೈನ್. ಏನೆಂದು ತಿಳಿಯದೆ ಕೊಯ್ದರೆ ಕ್ಯಾನ್ಸರ್ ಕೋಶಗಳು ಗಾಯದೊಳಗೆಲ್ಲ ಚೆಲ್ಲಬಹುದು. ಆಗ ಎರಡನೇ ಆಪರೇಷನ್‌ನಲ್ಲಿ ಆ ಗಾಯವನ್ನೂ ಪೂರ್ತಿ ತೆಗೆಯಬೇಕಾಗುತ್ತೆ. ಒಂದು ಬೆರಳಿಗೆ ಮುಗಿಯಬಹುದಾಗಿದ್ದ ನಷ್ಟ ಅಂಗೈವರೆಗೂ ಹೋಗಬಹುದು.

ಸರಿಯಾದ ಕ್ರಮ ಹೀಗಿದೆ. ಅನುಮಾನ ಬಂದ್ರೆ ಮೊದಲು ಎಂಆರ್‌ಐ, ನಂತರ ಸೂಜಿಯಿಂದ ಬಯಾಪ್ಸಿ. ಮುಂದೆ ಆಪರೇಷನ್ ಮಾಡುವ ತಂಡದ ಸಲಹೆಯಂತೆಯೇ ಸೂಜಿ ಹಾಕಿಸುವುದು ಒಳ್ಳೇದು. ಯಾಕಂದ್ರೆ ಸೂಜಿ ಹೋದ ದಾರಿಯನ್ನೂ ತೆಗೆಯಬೇಕಾಗಬಹುದು. ಕ್ಯಾನ್ಸರ್ ಅಂತ ಖಚಿತವಾದ ಮೇಲೆ ಶ್ವಾಸಕೋಶದ ಸ್ಕ್ಯಾನ್. ಎಪಿಥೀಲಿಯಾಯ್ಡ್ ಆಗಿದ್ರೆ ಕಂಕುಳಿನ ದುಗ್ಧಗ್ರಂಥಿಗಳನ್ನೂ ನೋಡಲೇಬೇಕು.

ಕೈ ಹೋಗುತ್ತಾ? ಹೋಗಲೇಬೇಕೆಂದೇನಿಲ್ಲ. 1982ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಕೈಕಾಲುಗಳ ಸಾರ್ಕೋಮಾ ಇದ್ದ 43 ರೋಗಿಗಳ ಅಧ್ಯಯನ ಪ್ರಕಟಿಸಿತು. 16 ಮಂದಿಗೆ ಅಂಗಚ್ಛೇದನ, 27 ಮಂದಿಗೆ ಅಂಗ ಉಳಿಸುವ ಶಸ್ತ್ರಚಿಕಿತ್ಸೆ ಜೊತೆಗೆ ವಿಕಿರಣ. ಬದುಕುಳಿದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಂದ ಚಿಕಿತ್ಸೆಯ ದಿಕ್ಕೇ ಬದಲಾಯ್ತು. ಇಂದು ಕೆಲವರಿಗೆ ಒಂದು ಬೆರಳನ್ನು ಅದರ ಅಂಗೈ ಮೂಳೆಯ ಸಮೇತ ತೆಗೆದು, ಉಳಿದ ಕೈಯನ್ನು ಕಾಪಾಡುತ್ತಾರೆ. ಹೆಬ್ಬೆರಳು ಮತ್ತು ಮೂರು ಬೆರಳಿದ್ರೆ ಲೋಟ ಹಿಡಿಯಬಹುದು, ಪೆನ್ನು ಹಿಡಿಯಬಹುದು, ಗಾಡಿ ಓಡಿಸಬಹುದು.

ಹಾಗಾಗಿ ವೀಕ್ಷಕರೇ, ಗಾಬರಿ ಬೇಡ, ಉದಾಸೀನವೂ ಬೇಡ. ಗಂಟು ಬೆಳೀತಾ ಇದ್ರೆ, ಗಟ್ಟಿಯಾಗಿದ್ರೆ, ತೆಗೆದ ಮೇಲೆ ಮತ್ತೆ ಬಂದ್ರೆ, ಹುಣ್ಣು ವಾರಗಟ್ಟಲೆ ಮಾಯದಿದ್ರೆ ತೋರಿಸಿ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಆಸ್ಪತ್ರೆಗಳು ಇರುವುದೇ ಇದಕ್ಕೆ. ಯಾವ ಗಂಟನ್ನೇ ತೆಗೆಸಿದರೂ ಡಾಕ್ಟರನ್ನ ಎರಡು ಪ್ರಶ್ನೆ ಕೇಳಿ: ಇದು ಏನು ಅಂತ ಮೊದಲೇ ಗೊತ್ತಾಗಿದೆಯಾ? ತೆಗೆದದ್ದನ್ನು ಲ್ಯಾಬ್‌ಗೆ ಕಳಿಸ್ತೀರಾ? ಕೇಳೋಕೆ ಅರ್ಧ ನಿಮಿಷ ಸಾಕು. ಸಂಕೋಚ ಬೇಡ, ಕೈ ನಿಮ್ಮದು.